ಎಳ್ಳಮಾಸಿ ಡಬ್ಬಿ ಕಚೇರಿಗೆ ಬಂತು, ರಜೆ ಮಾತ್ರ ಬರಲಿಲ್ಲ

ಎಳ್ಳ ಅಮಾವಾಸ್ಯೆಯ ಮರುದಿನ ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯ ಯಾವುದಾದರೂ ಕಚೇರಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ನೋಡಿ. ಫೈಲು ಪಕ್ಕಕ್ಕೆ ಸರಿದಿರುತ್ತವೆ, ಟೇಬಲ್ ಮೇಲೆ ಹಳೆ ಪೇಪರ್ ಹಾಸಿರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಐದಾರು ಡಬ್ಬಿ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. "ನಿನ್ನೆ ಹೊಲಕ್ಕ ಹೋಗಿದ್ರೇನ್ರಿ ಮೇಡಂ?" ಅಂತ ಒಬ್ಬರು ಕೇಳುತ್ತಾರೆ. "ಎಲ್ಲಿ ಹೋಗೂದ್ರಿ ಸರ, ಮೀಟಿಂಗ್ ಇತ್ತಲ್ಲ. ಮನ್ಯಾಗಿನವ್ರು ಹೋಗಿ ಚರಗ ಚೆಲ್ಲಿ ಬಂದ್ರು." ಉತ್ತರ ಹೆಚ್ಚೂಕಡಿಮೆ ಎಲ್ಲ ಟೇಬಲ್‌ಗಳಲ್ಲೂ ಇದೇ.

ಎಡೆದೊರೆ ನಾಡಿನ ಅತಿ ದೊಡ್ಡ ಹಬ್ಬಗಳಲ್ಲಿ ಒಂದು ಇದು. ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಲ್ಲಿ ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಬದುವಿನ ಮೇಲೆ ಕೂತು ಊಟ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಪೂಜಾರಿ ಬೇಡ, ಗುಡಿ ಬೇಡ. 2024ರಲ್ಲಿ ಇದು ಡಿಸೆಂಬರ್ 30ರ ಸೋಮವಾರ ಬಂತು, 2025ರಲ್ಲಿ ಡಿಸೆಂಬರ್ 19ರ ಶುಕ್ರವಾರ. ಎರಡೂ ಕೆಲಸದ ದಿನಗಳು. ರಾಜ್ಯದ ಸಾರ್ವತ್ರಿಕ ರಜೆ ಪಟ್ಟಿಯಲ್ಲಿ ಎಳ್ಳಮಾಸಿ ಇಲ್ಲ. ಕಾರಹುಣ್ಣಿಮೆಯೂ ಇಲ್ಲ. ಮಹಾಲಯ ಅಮಾವಾಸ್ಯೆ ಇದೆ.

ಹಾಗಾದರೆ ರಜೆ ಪಟ್ಟಿ ಯಾರ ಕ್ಯಾಲೆಂಡರು?

"ಇಡೀ ರಾಜ್ಯಕ್ಕೆ ಒಂದೇ ಪಟ್ಟಿ, ಜಿಲ್ಲೆಗೊಂದು ಹಬ್ಬ ಸೇರಿಸೋಕೆ ಆಗಲ್ಲ" ಅನ್ನೋದು ರೂಢಿಯ ಸಮಜಾಯಿಷಿ. ಆದರೆ ಅದೇ ಪಟ್ಟಿಯ ಕೆಳಗೆ ಪ್ರತಿ ವರ್ಷ ಒಂದು ಟಿಪ್ಪಣಿ ಇರುತ್ತದೆ: ಕೊಡಗು ಜಿಲ್ಲೆಗೆ ಮಾತ್ರ ಅನ್ವಯಿಸುವ ಸ್ಥಳೀಯ ರಜೆಗಳು. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಹುತ್ತರಿ ಅಂದರೆ ಹೊಸ ಭತ್ತದ ತೆನೆ ಮನೆಗೆ ತರುವ ಹಬ್ಬ. ಕೊಡಗಿನವರಿಗೆ ಅದು ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ತಕರಾರಿಲ್ಲ. ಗಡಿಯಾಚೆ ಲಾತೂರಿನಲ್ಲೂ ಜಿಲ್ಲಾಧಿಕಾರಿ ಇದೇ ಎಳ್ಳಮಾಸಿಗೆ, ಅವರು 'ವೇಳ್ ಅಮಾವಾಸ್ಯೆ' ಅನ್ನುವ ದಿನಕ್ಕೆ, ಸ್ಥಳೀಯ ರಜೆ ಕೊಡುತ್ತಾರೆ. ಒಂದು ಕಾಲಕ್ಕೆ ಲಾತೂರು ಸೀಮೆಯೂ ರಾಯಚೂರೂ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೊಲದ ಹಬ್ಬ ಒಂದೇ, ರಾಜ್ಯ ಬೇರೆಯಾಯಿತು. ಅತ್ತ ರಜೆ ಆಯಿತು, ಇತ್ತ ಡಬ್ಬಿ ಆಯಿತು.

ಡಬ್ಬಿ ಆಗಿದ್ದು ಚಿಕ್ಕ ವಿಷಯ ಅಂತ ನನಗೆ ಅನಿಸುವುದಿಲ್ಲ. ಈ ಭಾಗದ ಕಚೇರಿಗಳಲ್ಲಿ ಸೋಮವಾರದ ಮಾತುಕತೆಯ ಅರ್ಧ ಭಾಗ "ಈ ವಾರ ಸಂತ್ಯಾಗ ಏನ್ ಸಿಕ್ತು" ಅನ್ನೋದೇ. ಯಾರಿಗೋ ಒಳ್ಳೆ ಹತ್ತರಕಿ ಪಲ್ಯ ಸಿಕ್ಕಿರುತ್ತದೆ, ಯಾರೋ ಬಿಳಿಜೋಳ ಒಂದು ಚೀಲ ಹಿಡಿದಿರುತ್ತಾರೆ, ಯಾರೋ ಬಸ್ ಸ್ಟ್ಯಾಂಡ್ ಹತ್ತಿರ ಹೊಸದಾಗಿ ರೊಟ್ಟಿ ಮಾಡಿ ಮಾರುವ ಅಕ್ಕನ ಅಂಗಡಿ ಕಂಡುಹಿಡಿದಿರುತ್ತಾರೆ. ಇದರ ಹಿಂದೆ ನೀರಿನ ರಾಜಕೀಯ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜ ಆಯಿತು, ಜೋಳ ಸಜ್ಜಿ ಹಿಂದೆ ಸರಿದವು. ಲಿಂಗಸುಗೂರು, ಮಸ್ಕಿಯ ಒಣಭೂಮಿಯಲ್ಲಿ ಅವು ಇನ್ನೂ ಉಳಿದಿವೆ. ಹೀಗಾಗಿ ಹಬ್ಬ ಹತ್ತಿರ ಬಂದಾಗ ಸಿಂಧನೂರಿನ ನೌಕರರು ಲಿಂಗಸುಗೂರು ಕಡೆಯ ಸಹೋದ್ಯೋಗಿಗೆ "ಒಂದೈದು ಕಿಲೋ ಸಜ್ಜಿ ತಂದುಕೊಡ್ರಿ" ಅಂತ ಹೇಳಿಡುತ್ತಾರೆ. ಜೋಳದ ಹಬ್ಬವನ್ನು ಭತ್ತದ ಗದ್ದೆಯ ಬದುವಿನ ಮೇಲೆ ಮಾಡಬೇಕಾದ ಪರಿಸ್ಥಿತಿ ಅದು. (ನೀರು ಬಂದದ್ದು ತಪ್ಪು ಅಂತ ಅರ್ಥ ಮಾಡಿಕೊಳ್ಳಬೇಡಿ. 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದು, 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಗಿದ್ದು ಎಲ್ಲರಿಗೂ ನೆನಪಿದೆ.)

ನೀರಿನ ಜೊತೆ ಜನವೂ ಬಂದರು. ಆಂಧ್ರದ ಕಡೆಯಿಂದ ಬಂದವರು ಕಟ್ಟಿದ ಕ್ಯಾಂಪುಗಳು, 1960ರ ದಶಕದ ಕೊನೆ ಮತ್ತು 70ರ ದಶಕದಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಕೇಂದ್ರ ಸರ್ಕಾರ ಕಟ್ಟಿಕೊಟ್ಟ ಆರ್‌ಎಚ್ ಕ್ಯಾಂಪುಗಳು. ಸಿಂಧನೂರಿನ ಒಂದು ಮಧ್ಯಮ ಗಾತ್ರದ ಕಚೇರಿಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಐದೂ ಕಿವಿಗೆ ಬೀಳಬಹುದು. ಸಂಕ್ರಾಂತಿಗೆ ಕ್ಯಾಂಪಿನವರ ಅರಿಸೆಲು ಬರುತ್ತದೆ. ರಂಜಾನ್‌ಗೆ ಸುರಕುಂಬಾ ಬರುತ್ತದೆ, ಅದೂ ದೊಡ್ಡ ಕ್ಯಾರಿಯರ್‌ನಲ್ಲಿ. ದುರ್ಗಾಪೂಜೆ ಮುಗಿದ ಮೇಲೆ ಬಂಗಾಳಿ ಸಿಹಿ ಬರುತ್ತದೆ. ಅವರ ಪೂಜೆ ಆಯುಧಪೂಜೆಯ ಸರ್ಕಾರಿ ರಜೆಯ ಜೊತೆಗೇ ಬೀಳುವುದರಿಂದ ಆ ಒಂದು ವಿಷಯದಲ್ಲಿ ಕ್ಯಾಂಪಿನವರು ಅದೃಷ್ಟವಂತರು.

ಈಗ ವಾಟ್ಸ್ಆ್ಯಪ್ ಲೆಕ್ಕಾಚಾರಕ್ಕೆ ಬರೋಣ. ಪ್ರತಿ ವರ್ಷ ರಜೆ ಪಟ್ಟಿ ಬಂದ ಕೂಡಲೇ "ಅವರಿಗೆ ಇಷ್ಟು, ನಮಗೆ ಇಷ್ಟು" ಅಂತ ಧರ್ಮವಾರು ಎಣಿಸಿದ ಪೋಸ್ಟುಗಳು ಓಡಾಡುತ್ತವೆ. ಕಚೇರಿ ಗ್ರೂಪಿಗೂ ಬರುತ್ತವೆ. ಆ ಎಣಿಕೆಯಲ್ಲಿ ಮೊಹರಂ 'ಅವರ' ಕಾಲಂನಲ್ಲಿರುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ ನಿಂತು ಈ ಲೆಕ್ಕ ಮಾಡಿ ನೋಡಿ, ಆಗುತ್ತಾ? ಅಲಾಯಿ ಗುಂಡಿ ತೋಡುವುದರಿಂದ ಹಿಡಿದು ಖತಲ್ ರಾತ್ರಿಯವರೆಗೆ, ದಫನ್‌ವರೆಗೆ, ಹಿಂದೂಗಳಿಲ್ಲದೆ ಅಲ್ಲಿ ಹಬ್ಬ ನಡೆಯುವುದೇ ಇಲ್ಲ. ಹರಕೆ ಹೊತ್ತು ಫಕೀರರಾಗುವವರು, ಹೆಜ್ಜೆ ಹಾಕಿ ಕುಣಿಯುವವರು, ಕನ್ನಡದಲ್ಲಿ ರಿವಾಯತ್ ಪದ ಹಾಡುವವರು, ಮನೆಯಲ್ಲಿ ಚೊಂಗೆ ಮಾಡಿ ಹಸನ್-ಹುಸೇನರಿಗೆ ಸಕ್ಕರೆ ಓದಿಸುವವರು, ಇವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ನೆರೆ ರಾಜ್ಯಗಳಿಂದಲೂ ಜನ ಬರುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಯಲ್ಲೂ ಪೀರಲ ದೇವರು ಕೂರಿಸುವುದು ಉತ್ತರ ಕರ್ನಾಟಕದಲ್ಲಿ ಹೊಸ ಸುದ್ದಿಯಲ್ಲ. 'ಅಲಾಯಿ ಹಬ್ಬ' ಯಾರ ಹಬ್ಬ ಅಂತ ಇಲ್ಲಿ ಕೇಳಿದರೆ "ಊರ ಹಬ್ಬ" ಅಂತಾರೆ. ಊರಿಗೆ ಕಾಲಂ ಇಲ್ಲ.

2025ರಲ್ಲಿ ಮೊಹರಂ ಕಡೆಯ ದಿನ ಜುಲೈ 6, ಭಾನುವಾರ ಬಂತು. ರಜೆ ಕಳೆದುಹೋಯಿತು ಅಂತ ಬೇಜಾರು ಮಾಡಿಕೊಂಡವರಲ್ಲಿ ಮುದಗಲ್‌ಗೆ ಹರಕೆ ಹೊತ್ತ ಲಿಂಗಾಯತರೂ ನಾಯಕರೂ ಇದ್ದರು ಅನ್ನೋದನ್ನು ಆ ಪೋಸ್ಟ್ ಮಾಡಿದವರಿಗೆ ಯಾರಾದರೂ ಹೇಳಬೇಕು.

ಹಾಗಂತ ಕಚೇರಿಯ ಟೇಬಲ್ಲು ಸೌಹಾರ್ದದ ಸ್ವರ್ಗ ಅಂತ ಬರೆದುಬಿಟ್ಟರೆ ಅದು ಸುಳ್ಳು. ಯಾವ ಡಬ್ಬಿ ಟೇಬಲ್ಲಿನ ನಡುವೆ ಬರುತ್ತದೆ, ಯಾವುದು ಮೂಲೆಯಲ್ಲೇ ಉಳಿಯುತ್ತದೆ ಅಂತ ಗಮನಿಸಿ. ಸಿಹಿ ಎಲ್ಲ ಕಡೆ ಓಡಾಡುತ್ತದೆ. ಸುರಕುಂಬಾ ಓಕೆ, ಬಕ್ರೀದ್‌ನ ಡಬ್ಬಿ ಬರುವುದಿಲ್ಲ. ಬಂಗಾಳಿ ಸಂದೇಶ ಓಕೆ, ಕ್ಯಾಂಪಿನ ಮೀನಿನ ಸಾರು ಬರುವುದಿಲ್ಲ. ತಂದವರೇ ಮುಜುಗರಪಟ್ಟು ಹೊರಗೆ ಹೋಗಿ ಉಣ್ಣುತ್ತಾರೆ, ಯಾರೂ ಬೇಡ ಅಂದಿರುವುದಿಲ್ಲ, ಬೇಡ ಅನ್ನುವ ಅಗತ್ಯವೇ ಬಿದ್ದಿರುವುದಿಲ್ಲ. ಇನ್ನು ಗುಡಿಸುವ ಅಕ್ಕ, ನೀರು ತರುವ ಅಣ್ಣ ತಂದ ಹೋಳಿಗೆಯ ವಿಷಯ. ಅವರಿಗೆ ಎಲ್ಲರೂ ಕೊಡುತ್ತಾರೆ, ಕೈಬಿಚ್ಚಿ ಕೊಡುತ್ತಾರೆ. ಅವರ ಡಬ್ಬಿಯಿಂದ ಎಷ್ಟು ಜನ ತೆಗೆದುಕೊಳ್ಳುತ್ತಾರೆ? ಹಂಚುವುದು ಮೇಲಿನಿಂದ ಕೆಳಕ್ಕೆ ಮಾತ್ರ ಹರಿದರೆ ಅದಕ್ಕೆ ದಾನ ಅಂತಾರೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನವನ್ನು ನಾವು ಅಶೋಕನ ಹೆಸರಿಗಾಗಿ ನೆನಪಿಡುತ್ತೇವೆ, ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರುತ್ತದೆ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಅನ್ನುವ ಅದರ ಒಳಗಿನ ಮಾತನ್ನು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಅಡುಗೆ ಮಾಡಿದ್ದು ಯಾರು? ಎಳ್ಳಮಾಸಿಯ ದಿನ ಬೆಳಗಿನ ಜಾವಕ್ಕೇ ಎದ್ದು ಹೊಲಕ್ಕೆ ಒಂದು ಬುತ್ತಿ, ಮಕ್ಕಳಿಗೆ ಒಂದು, ಕಚೇರಿಗೆ ಒಂದು ಅಂತ ಕಟ್ಟಿ, ಹತ್ತು ಗಂಟೆಗೆ ಬಯೋಮೆಟ್ರಿಕ್ ಒತ್ತುವ ಮಹಿಳಾ ನೌಕರರು. ಹಬ್ಬದ ದುಡಿಮೆ ಪೂರ್ತಿ ಅವರದು, ಹೊಲದ ಬದುವಿನ ಮೇಲಿನ ಊಟ ಮಾತ್ರ ಅವರದಲ್ಲ. "ರಜೆ ಇದ್ದರೂ ಅವರು ಅಡುಗೆಮನೆಯಲ್ಲೇ ಇರ್ತಾರಲ್ಲ" ಅನ್ನಬಹುದು. ನಿಜ. ಆದರೆ ಹತ್ತು ಗಂಟೆಯ ಗಡಿಯಾರ ನೋಡದೆ, ಮಾಡಿದ್ದನ್ನು ತಾವೂ ಕೂತು ಉಣ್ಣುವುದಕ್ಕಾದರೂ ಒಂದು ದಿನ ಇರುತ್ತದೆ.

ರಜೆ ತೆಗೆದುಕೊಳ್ಳಬಹುದಲ್ಲ ಅನ್ನುವವರಿಗೆ ಲೆಕ್ಕ ಇಲ್ಲಿದೆ. ಕಾಯಂ ಸರ್ಕಾರಿ ನೌಕರರಿಗೆ ವರ್ಷಕ್ಕೆ 2 ಪರಿಮಿತ ರಜೆ, ಅದೂ ಸರ್ಕಾರ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಸಾಂದರ್ಭಿಕ ರಜೆ 15 ಇದ್ದದ್ದು 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ 10ಕ್ಕೆ ಇಳಿಯಿತು. ಜ್ವರ, ಮದುವೆ, ಮಕ್ಕಳ ಸ್ಕೂಲು ಎಲ್ಲ ಆ ಹತ್ತರಲ್ಲೇ. ಆದರೂ ಅವರಿಗೆ ಕೇಳುವುದಕ್ಕೆ ಒಂದು ನಿಯಮ ಇದೆ. ಪಕ್ಕದ ಕುರ್ಚಿಯಲ್ಲಿ ಕೂತ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್‌ಗೆ ಅನೇಕ ಕಡೆ ಅದೂ ಇಲ್ಲ. ಒಂದೇ ಟೇಬಲ್ಲಿನಲ್ಲಿ ಹೋಳಿಗೆ ಹಂಚಿಕೊಂಡ ಇಬ್ಬರಲ್ಲಿ ಒಬ್ಬರಿಗೆ ಗೈರಾದ ದಿನ ರಜಾ ಅರ್ಜಿ, ಇನ್ನೊಬ್ಬರಿಗೆ ತಿಂಗಳ ಕೊನೆಯಲ್ಲಿ ಸಂಬಳ ಕಡಿತ. ಈ ಇನ್ನೊಬ್ಬರು ಹೆಚ್ಚಾಗಿ ಇಪ್ಪತ್ತೈದು ಮೂವತ್ತರ ವಯಸ್ಸಿನವರು, ಕೆಪಿಎಸ್‌ಸಿ ಪುಸ್ತಕ ಡ್ರಾಯರ್‌ನಲ್ಲಿಟ್ಟುಕೊಂಡು 371(ಜೆ) ಹುದ್ದೆಗಳ ಅಧಿಸೂಚನೆಗೆ ಕಾಯುತ್ತಿರುವವರು. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಇರಬಹುದು.

ಖಾಸಗಿ ಕಡೆ ಕಾನೂನು ಇಲ್ಲವೇ? ಇದೆ, 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಅದರ ಮೇಲೆ 5 ಹಬ್ಬದ ರಜೆ, ಸಂಬಳದ ಸಮೇತ. ಆ ದಿನ ಕೆಲಸ ಮಾಡಿಸಿದರೆ ದುಪ್ಪಟ್ಟು ಕೂಲಿ ಅಥವಾ ಬದಲಿ ರಜೆ. ಹಟ್ಟಿ ಚಿನ್ನದ ಗಣಿಯಂಥ ಕಡೆ, ಪಾಳಿಯಲ್ಲಿ ಕೆಲಸ ನಡೆದರೂ ಸಂಘ ಇರುವುದರಿಂದ, ಇದರ ಬಗ್ಗೆ ಮಾತಾಡುವವರು ಇದ್ದಾರೆ. ಅಕ್ಕಿ ಗಿರಣಿಯಲ್ಲಿ ಚೀಲದ ಲೆಕ್ಕಕ್ಕೆ ದುಡಿಯುವ ಹಮಾಲರಿಗೆ ಗಿರಣಿ ಮುಚ್ಚಿದ ದಿನ ಅಂದರೆ ಕೂಲಿ ಇಲ್ಲದ ದಿನ. ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರ್‌ಗಳಿಗೆ ಜಾತ್ರೆ, ಹಬ್ಬ ಅಂದರೆ ಹೆಚ್ಚುವರಿ ಬಸ್ಸು. ಪೌರಕಾರ್ಮಿಕರಿಗೆ ಹಬ್ಬದ ಮರುದಿನ ದುಪ್ಪಟ್ಟು ಕಸ.

"ರಜೆ ಈಗಾಗಲೇ ಜಾಸ್ತಿ, ಇನ್ನೊಂದು ಯಾಕೆ?" ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ತಹಶೀಲ್ದಾರ್ ಕಚೇರಿ ಮುಂದೆ ಪಹಣಿಗಾಗಿ ಮೂರನೇ ಸಲ ಬಂದ ರೈತನಿಗೆ "ಇವತ್ತು ರಜೆ" ಅನ್ನುವ ಬೋರ್ಡಿನಷ್ಟು ಸಿಟ್ಟು ತರಿಸುವುದು ಇನ್ನೊಂದಿಲ್ಲ. ಆದರೆ ಎಳ್ಳಮಾಸಿಯ ದಿನ ಆ ರೈತ ಕಚೇರಿಗೆ ಬರುವುದಿಲ್ಲ, ಅವನು ಹೊಲದಲ್ಲಿರುತ್ತಾನೆ. ಜನ ಬರದ ದಿನ ಕಚೇರಿ ತೆರೆದಿಟ್ಟು, ಜನ ಬರುವ ದಿನ ಮುಚ್ಚುವುದು ಯಾವ ಆಡಳಿತ? ಹೊಸ ರಜೆ ಸೇರಿಸುವುದು ಕಷ್ಟವಾದರೆ ಕಲಬುರಗಿ ವಿಭಾಗದ ಜಿಲ್ಲೆಗಳ ಮಟ್ಟಿಗೆ ಇರುವ ಒಂದನ್ನು ಬದಲಾಯಿಸಿಕೊಡಲಿ. ನನ್ನ ಆಯ್ಕೆ ಮಹಾಲಯ ಅಮಾವಾಸ್ಯೆ. ಒಪ್ಪದವರು ಇದ್ದೇ ಇರುತ್ತಾರೆ, ಚರ್ಚೆ ಆಗಲಿ.

ಚರ್ಚೆಗೆ ಈಗ ಸಮಯವೂ ಇದೆ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿರುವುದರಿಂದ ಆ ವರ್ಷದ ಕ್ಯಾಲೆಂಡರಿನಲ್ಲಿ ಎಳ್ಳಮಾಸಿಯೇ ಇಲ್ಲ. ಮುಂದಿನದು 2027ರ ಜನವರಿ 7, ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಇನ್ನೊಂದು. ಪಟ್ಟಿ ಸಾಮಾನ್ಯವಾಗಿ ಹಿಂದಿನ ವರ್ಷದ ನವೆಂಬರ್ ಆಸುಪಾಸಿನಲ್ಲಿ ಹೊರಬೀಳುತ್ತದೆ. ನೌಕರರ ಸಂಘದ ತಾಲ್ಲೂಕು ಶಾಖೆಗಳು ಜಿಲ್ಲಾಧಿಕಾರಿಗೆ ಮನವಿ ಕೊಡುವುದಾದರೆ ಅದಕ್ಕೆ ಮೊದಲೇ ಕೊಡಬೇಕು. ಕೊಡುವಾಗ ಹೊರಗುತ್ತಿಗೆ ಏಜೆನ್ಸಿಗಳ ಟೆಂಡರ್ ಷರತ್ತಿನಲ್ಲಿ 'ಸಂಬಳಸಹಿತ ಸ್ಥಳೀಯ ರಜೆ' ಅನ್ನುವ ಒಂದು ಸಾಲು ಸೇರಿಸಿ ಅಂತಲೂ ಕೇಳಬೇಕು. ಇಲ್ಲದಿದ್ದರೆ ಮೇಡಂ ಹೊಲಕ್ಕೆ ಹೋಗುತ್ತಾರೆ, ಆಪರೇಟರ್ ಹುಡುಗಿ ಕಚೇರಿಯ ಬೀಗ ಕಾಯುತ್ತಾಳೆ.