ಕಟ್ಟಿಗೆಯ ಕಂಬಕ್ಕೆ ನೀರಿನ ಏಟು



ಹೋದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. 1994ರ ಎಸ್ಸೆಸ್ಸೆಲ್ಸಿ ತಂಡದವನು, ಈಗ ಹುಬ್ಬಳ್ಳಿಯಲ್ಲಿದ್ದಾನೆ. ಕುಶಲೋಪರಿ ಮುಗಿದ ಮೇಲೆ ಕೇಳಿದ: "ಸರ್, ಊರಾಗಿನ ಮನಿ ಕಟ್ಟಿಗಿ ಕಂಬಾ, ತಲಬಾಗಲಾ ಎಲ್ಲಾ ಕರ್ರಗಾಗ್ಯಾವ್ರಿ. ಗಾಡಿ ತೊಳಿಯೋ ಪ್ರೆಶರ್ ಮಷೀನ್ ತರಿಸಿ ಒಮ್ಮೆ ಹೊಡಸಲೇನ್ರಿ?"

"ಬ್ಯಾಡಪಾ" ಎಂದೆ. "ಯಾಕ್ರೀ ಸರ್?" ಎಂದ. ಮೂವತ್ತು ವರ್ಷಗಳ ಹಿಂದೆ ತರಗತಿಯಲ್ಲಿ ಒಮ್ಮೆಯೂ ಈ ಪ್ರಶ್ನೆ ಕೇಳದಿದ್ದವನು ಈಗ ಕೇಳಿದನಲ್ಲ ಎಂಬ ಸಂತೋಷಕ್ಕೆ ಈ ಬರಹ. ಜೊತೆಗೆ, ನಾನು ಮಾಡಿದ ತಪ್ಪೊಂದನ್ನು ಒಪ್ಪಿಕೊಳ್ಳುವುದಕ್ಕೂ.

2018ರಲ್ಲಿ ನಿವೃತ್ತನಾದ ಮೇಲೆ ನಾವಿಬ್ಬರೂ ಮಗನ ಮನೆಗೆ ಅಮೆರಿಕೆಗೆ ಹೋಗಿದ್ದೆವು. ನಾರ್ತ್ ಕೆರೊಲಿನಾ ರಾಜ್ಯದ ಕೇರಿ ಎಂಬ ಊರು. (ಹೆಸರು ಕೇಳಿ ನಮ್ಮ ಓಣಿ-ಕೇರಿ ಎಂದು ನಗಬೇಡಿ, ನಾನೂ ನಕ್ಕಿದ್ದೆ.) ಅಲ್ಲಿನ ಮನೆಗಳ ಹಿಂದೆ ಹಲಗೆಗಳನ್ನು ಜೋಡಿಸಿ ಕಟ್ಟಿದ ತೆರೆದ ಕಟ್ಟೆ ಇರುತ್ತದೆ, ಡೆಕ್ ಎನ್ನುತ್ತಾರೆ. ನಮ್ಮ ಮನೆಯ ಮುಂದಿನ ಕಟ್ಟೆ ಓಣಿಯ ಕಡೆಗೆ ಮುಖ ಮಾಡಿದರೆ ಅದು ಹಿತ್ತಲಿನ ಕಡೆಗೆ ಮುಖ ಮಾಡಿ ಕೂತಿರುತ್ತದೆ. ಮಳೆ, ತಂಪು, ಗಿಡದ ನೆರಳಿಗೆ ಆ ಹಲಗೆಗಳ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಪಕ್ಕದ ಮನೆಯಾತ ಒಂದು ಶನಿವಾರ ಯಂತ್ರವೊಂದನ್ನು ಬಾಡಿಗೆಗೆ ತಂದು ಮಧ್ಯಾಹ್ನದ ಊಟದ ಹೊತ್ತಿಗೆ ತನ್ನ ಡೆಕ್ಕನ್ನು ತೊಳೆದು ಮುಗಿಸಿದ. ಬೂದಿಬಣ್ಣದ ಹಲಗೆಗಳು ಹೊಸ ಕಟ್ಟಿಗೆಯಂತೆ ಹೊಳೆದವು. ನಾನು ಕಿಟಕಿಯಲ್ಲಿ ನಿಂತು ನೋಡಿ ಬೆರಗಾದೆ. ಆತ ಕಣ್ಣಿಗೆ ಏನು ಹಾಕಿದ್ದ, ಕಾಲಿಗೆ ಏನು ತೊಟ್ಟಿದ್ದ, ನಾಜಲ್ಲನ್ನು ಎಷ್ಟು ದೂರ ಹಿಡಿದಿದ್ದ ಎಂಬುದನ್ನು ಗಮನಿಸಲಿಲ್ಲ. ಮೂರು ದಶಕ ವಿಜ್ಞಾನ ಕಲಿಸಿದವನ ವೀಕ್ಷಣೆ ಇಷ್ಟೇ.

ಮರುವರ್ಷ ಅಣ್ಣನ ಮಗಳ ಮದುವೆ. ಮುಂಡರಗಿಯ ನಮ್ಮ ಹಳೆಯ ಮನೆಗೆ ಸುಣ್ಣ-ಬಣ್ಣ ಮಾಡಿಸುವ ಹೊಣೆ ನನ್ನದು. ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಮುಂದಿನ ಕಟ್ಟೆಯ ಮೇಲೆ ಸಾಗವಾನಿಯ ಆರು ಕಂಬಗಳು. ಕಂಬದ ತಲೆಯ ಬೋದಿಗೆಗಳಲ್ಲಿ ಗಿಳಿಗಳ ಕೆತ್ತನೆ. ಕಪ್ಪತಗುಡ್ಡದ ಕಡೆಯಿಂದ ಬರುವ ಕೆಂಪು ಧೂಳು, ಹಬ್ಬಹಬ್ಬಕ್ಕೆ ಹಚ್ಚಿದ ಎಣ್ಣೆ, ಒಲೆಯ ಹೊಗೆ ಎಲ್ಲವೂ ಸೇರಿ ಗಿಳಿಗಳು ಕಾಗೆಗಳಾಗಿದ್ದವು. ವೈನಿ, "ಆಳು ಹಚ್ಚಿ ತಿಕ್ಕಿಸೂಣಂತ, ನಾಕ ದಿನದ ಕೆಲಸ" ಎಂದರು. ನಾನು ಅಮೆರಿಕೆ ಕಂಡು ಬಂದವನು! "ನಾಕ ದಿನ ಯಾಕ್ರೀ ವೈನಿ, ಎರಡು ತಾಸಿನ ಕೆಲಸ" ಎಂದು ವಾಹನ ತೊಳೆಯುವ ಒಂದು ಅಂಗಡಿಯಿಂದ ಯಂತ್ರವನ್ನೂ ಹುಡುಗನನ್ನೂ ಕರೆಸಿದೆ.

ಮುಂದಿನದನ್ನು ಹೇಳುವ ಮೊದಲು ಒಂಬತ್ತನೆಯ ತರಗತಿಯ ಪಾಠವೊಂದನ್ನು ನೆನಪಿಸುತ್ತೇನೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ನೀರು 10 ಮೀಟರ್ ಎತ್ತರ ನಿಂತರೆ ಅದರ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ. ಮಾಳಿಗೆಯ ಮೇಲಿನ ಟಾಕಿಯಿಂದ ನಮ್ಮ ನಲ್ಲಿಗೆ ಬರುವುದು ಇದರ ಅರ್ಧವೂ ಇಲ್ಲ. ಗಾಡಿ ತೊಳೆಯುವ ಯಂತ್ರಕ್ಕೆ 100 ಕಿಲೋ ಒತ್ತಡ ಸಾಮಾನ್ಯ. ಅಂದರೆ ಟಾಕಿಯನ್ನು ಒಂದು ಕಿಲೋಮೀಟರ್ ಎತ್ತರದಲ್ಲಿ ಇಟ್ಟಂತೆ. ಸಣ್ಣ ರಂಧ್ರದಿಂದ ಹೊರಬೀಳುವಾಗ ಆ ನೀರಿನ ವೇಗ ಸೆಕೆಂಡಿಗೆ ಸುಮಾರು 140 ಮೀಟರ್, ಗಂಟೆಗೆ 500 ಕಿಲೋಮೀಟರ್. ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಎರೆಮಣ್ಣನ್ನು ಕೀಳಲು ಅದು ಬೇಕು. ಸಾಗವಾನಿಯ ಗಿಳಿಗೆ ಬೇಕಿಲ್ಲ.

ಕಟ್ಟಿಗೆ ಕಲ್ಲಿನಂತೆ ಒಂದೇ ಸಮ ಗಟ್ಟಿಯಾದ ವಸ್ತುವಲ್ಲ. ಮರ ಭರದಿಂದ ಬೆಳೆದ ಕಾಲದ ಪದರ ಮೆತ್ತಗೆ, ನಿಧಾನವಾಗಿ ಬೆಳೆದ ಕಾಲದ್ದು ಗಟ್ಟಿ. ನೀರಿನ ಏಟು ಮೆತ್ತಗಿನದನ್ನು ಕೆರೆದು ಗಟ್ಟಿಯದನ್ನು ಉಳಿಸುತ್ತದೆ. ತೊಳೆದ ಗಳಿಗೆಯಲ್ಲಿ ಕಂಬ ಬಂಗಾರದಂತೆ ಕಂಡಿತು. ಮನೆಮಂದಿಯೆಲ್ಲ ಹೊಗಳಿದರು. ಮರುದಿನ ಒಣಗಿದಾಗ ಕೈಯಾಡಿಸಿ ನೋಡಿದೆ: ನೇಗಿಲು ಹೊಡೆದ ಹೊಲದಂತೆ ಸಾಲುಸಾಲು ಗೆರೆ, ಮೇಲೆದ್ದ ನಾರು. ಎರಡು ಬೋದಿಗೆಗಳಲ್ಲಿ ಗಿಳಿಗಳ ಕೊಕ್ಕುಗಳೇ ಇರಲಿಲ್ಲ. ಬಾಗಿಲ ಪಕ್ಕದ ಕಂಬದ ಮೇಲೆ ಹಾಲಿನ ಲೆಕ್ಕಕ್ಕೆಂದು ಅವ್ವ ಹಾಕಿದ್ದ ಸುಣ್ಣದ ಬೊಟ್ಟುಗಳ ಸಾಲೊಂದು ಉಳಿದಿತ್ತು; ಅವ್ವ 1996ರಲ್ಲಿ ತೀರಿಕೊಂಡ ಮೇಲೂ ಯಾರೂ ಅದನ್ನು ಒರೆಸಿರಲಿಲ್ಲ. ಅದೂ ಹೋಯಿತು. ಕಂಬಕ್ಕೂ ಅದರ ಬುಡದ ಕಲ್ಲಿಗೂ ನಡುವಿನ ಸಂದಿಯಲ್ಲಿ ಹೊಕ್ಕ ನೀರು ವಾರವಾದರೂ ಆರಲಿಲ್ಲ.

ಇದೆಲ್ಲ ಕಟ್ಟಿಗೆಯ ಮಾತಾಯಿತು. ಹುಡುಗನ ಮಾತು ಬೇರೆ. ಹತ್ತೊಂಬತ್ತು ವರ್ಷದವನು, ಹವಾಯಿ ಚಪ್ಪಲಿ ಹಾಕಿಕೊಂಡು ಬಂದಿದ್ದ. ಜಾರುತ್ತದೆಂದು ಅದನ್ನೂ ಬಿಟ್ಟು ಬರಿಗಾಲಲ್ಲಿ ಕಟ್ಟೆ ಹತ್ತಿದ. ಮೋಟರಿಗೆ ವಿದ್ಯುತ್ತು ನಮ್ಮ ಮನೆಯಿಂದಲೇ. ಹಾಗಾಗಿ ಮೇನ್ ಸ್ವಿಚ್ ಇಳಿಸುವಂತಿರಲಿಲ್ಲ. ಕಂಬದ ಪಕ್ಕದಲ್ಲೇ ಅಪ್ಪನ ಕಾಲದ ಕಟ್ಟಿಗೆ ಪಟ್ಟಿಯ ವೈರಿಂಗು, ಕಪ್ಪು ಸ್ವಿಚ್ಚುಗಳು. ಅಂಗಳವೆಲ್ಲ ನೀರು. ನಾನು ಕುರ್ಚಿ ಹಾಕಿಕೊಂಡು ಕೂತು, "ಮ್ಯಾಲಿಂದು ಚಲೋತಂಗ ಹೊಡೀಪಾ" ಎನ್ನುತ್ತಿದ್ದೆ. ಏಣಿಯಿಂದ ಇಳಿಯುವಾಗ ಪೈಪು ತಿರುಚಿಕೊಂಡು ನೀರಿನ ಎಳೆ ಅವನ ಎಡಗಾಲಿನ ಮೇಲೆ ಒಂದು ಕ್ಷಣ ಹಾಯ್ದಿತು. ರಕ್ತ ಹೆಚ್ಚೇನೂ ಬರಲಿಲ್ಲ. ಮುಳ್ಳು ಚುಚ್ಚಿದಷ್ಟೇ ಗಾಯ. "ಏನಾಗಿಲ್ರೀ ಸರ್" ಎಂದು ಅರಿಶಿನ ಕೇಳಿದ. ಸಂಜೆಯ ಹೊತ್ತಿಗೆ ಪಾದ ಊದಿ ಬಂತು. ಗದಗಿನ ವೈದ್ಯರು ನೋಡಿ, ಇಂಥ ಗಾಯದ ಬಾಯಿ ಸಣ್ಣದು, ನೀರು ಹೊಲಸಿನ ಸಮೇತ ಚರ್ಮದೊಳಗೆ ಹೊಕ್ಕು ಹರಡುತ್ತದೆ, ತಡ ಮಾಡಬಾರದಿತ್ತು ಎಂದರು. ಪಾದವನ್ನು ಕೊಯ್ದು ಒಳಗೆ ತೊಳೆಯಬೇಕಾಯಿತು. ವೆಚ್ಚವನ್ನು ನಾನು ಕೊಟ್ಟೆ. ಆದರೆ ಮದುವೆಯ ದಿನ ಅವನ ತಾಯಿ ಬಂದು ಅಕ್ಷತೆ ಹಾಕಿ, ಏನೂ ಅನ್ನದೆ ಊಟ ಮಾಡಿ ಹೋದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಯಂತ್ರವೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೀರಿನ ಲೆಕ್ಕದಲ್ಲಿ ಅದು ಮಿತವ್ಯಯಿ. ಬರ ಕಂಡ ನಮ್ಮ ತಾಲೂಕಿನವರಿಗೆ ಅದು ಸಣ್ಣ ಮಾತಲ್ಲ. ಡೆಕ್ ಇರುವ ನಮ್ಮ ಮಕ್ಕಳು ಕೆಲವರು ಇದನ್ನು ಓದುತ್ತೀರಿ, ನಿಮಗೆ ಹೇಳುತ್ತೇನೆ. ಆ ದೇಶದ ಯಂತ್ರಗಳ ಮೇಲೆ ಪಿ.ಎಸ್.ಐ. ಲೆಕ್ಕ ಇರುತ್ತದೆ. ಪೈನಿನಂಥ ಮೆತ್ತಗಿನ ಕಟ್ಟಿಗೆಗೆ 500-600 ಸಾಕು, ಗಟ್ಟಿ ಜಾತಿಗೂ 1200ರ ಆಚೆ ಹೋಗಬೇಡಿ. ನೀರು ಬೀಸಣಿಗೆಯಂತೆ ಅಗಲವಾಗಿ ಹರಡುವ 40 ಡಿಗ್ರಿಯ ನಾಜಲ್ ಹಾಕಿ. ಸೂಜಿಯಂತೆ ಒಂದೇ ಎಳೆ ಬಿಡುವ ಸೊನ್ನೆ ಡಿಗ್ರಿಯದನ್ನು ಡಬ್ಬಿಯಲ್ಲೇ ಬಿಡಿ. ಎರಡು ಅಡಿ ದೂರದಿಂದ ಆರಂಭಿಸಿ, ಒಂದು ಅಡಿಗಿಂತ ಹತ್ತಿರ ಬೇಡ. ಕಟ್ಟಿಗೆಯ ಎಳೆಯ ಗುಂಟ ಸಾಗಬೇಕು, ಒಂದೆಡೆ ನಿಲ್ಲಬಾರದು. ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಪರೀಕ್ಷಿಸಿ. ಮುಚ್ಚಿದ ಬೂಟು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಮಕ್ಕಳನ್ನು ಮನೆಯೊಳಗೆ ಕಳಿಸಿ. ಬಣ್ಣ, ಎಣ್ಣೆ ಏನಿದ್ದರೂ ಎರಡು ದಿನ ಚೆನ್ನಾಗಿ ಆರಿದ ಮೇಲೆ. ನಿಮ್ಮ ಡೆಕ್ಕು 2004ಕ್ಕಿಂತ ಹಳೆಯದಾದರೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ 2003ರ ಕೊನೆಯವರೆಗೆ ಮನೆಬಳಕೆಯ ಕಟ್ಟಿಗೆಗೆ ಹುಳು ಹಿಡಿಯದಿರಲೆಂದು ಆರ್ಸೆನಿಕ್ ಸೇರಿದ ಔಷಧ ಉಣಿಸುತ್ತಿದ್ದರು. ಅಂಥದ್ದನ್ನು ಕೆರೆದು ಸಿಡಿಸಿದರೆ ವಿಷ ಹಿತ್ತಲಿನ ಮಣ್ಣಿಗೆ.

ನಮ್ಮ ಹಳೆಯ ಕಂಬ, ಬಾಗಿಲು, ತೊಟ್ಟಿಲುಗಳಿಗೆ ಮಾತ್ರ ಯಾವ ಒತ್ತಡದಲ್ಲೂ ಈ ಯಂತ್ರ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ವೈನಿ ಹೇಳಿದ ನಾಲ್ಕು ದಿನದ ಕೆಲಸವೇ ಸರಿ. ಒಣ ಕುಂಚದಿಂದ ಧೂಳು ಝಾಡಿಸಿ, ಅಂಟುವಾಳದ ನೊರೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಕೆತ್ತನೆಯ ಸಂದಿಗೆ ಹಳೆಯ ಹಲ್ಲುಜ್ಜುವ ಕುಂಚ. ಆಮೇಲೆ ನೆರಳಲ್ಲಿ ಆರಬೇಕು. ಕೊನೆಗೆ ಅಗಸಿ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರೆಸಿ. ಇಲ್ಲಿ ಒಂದು ಎಚ್ಚರಿಕೆ: ಅಗಸಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅಂಗಳದಲ್ಲಿ ಒಂದೊಂದಾಗಿ ಬಿಚ್ಚಿ ಹರವಿ.

ನಮ್ಮ ಕಂಬಗಳನ್ನು ಬಡಿಗೇರರು ಪಾಲಿಶ್ ಪೇಪರಿನಿಂದ ತಿಕ್ಕಿ ಒಂದು ಹದಕ್ಕೆ ತಂದಿದ್ದಾರೆ. ಗಿಳಿಗಳಿಗೆ ಹೊಸ ಕೊಕ್ಕು ಅಂಟಿಸಿಕೊಡುತ್ತೇನೆಂದರು, ನಾನು ಬೇಡವೆಂದೆ. ಆ ಹುಡುಗ ನಡೆಯುವಾಗ ಗೊತ್ತಾಗುವುದಿಲ್ಲ, ಓಡುವಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ಈಗ ಅವನದೇ ಗಾಡಿ ತೊಳೆಯುವ ಅಂಗಡಿ ಇದೆ. ಕೆಲಸದ ಹುಡುಗರಿಬ್ಬರಿಗೂ ಮೊಣಕಾಲುದ್ದದ ರಬ್ಬರ್ ಬೂಟು ಕೊಡಿಸಿದ್ದಾನೆ. ನಾನು ಆ ದಾರಿಯಲ್ಲಿ ಹೋದಾಗ ಕರೆದು ಚಹಾ ಕುಡಿಸುತ್ತಾನೆ. ಮೋಟರ್ ಆಫ್ ಮಾಡಿದ ಮೇಲೆಯೇ.