ಅಳಿಸಬಹುದಾದ ತಟ್ಟೆಯೇ ಮೇಲೇ?

ಸಿ.ಡಿ.ಯ ಹೊಳೆಯುವ ಮುಖವನ್ನು ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಕಾಮನಬಿಲ್ಲು ಮೂಡಿಸುವ ಆಟವನ್ನು ನೀವೂ ಆಡಿರಬಹುದು. ಆ ಬಣ್ಣಗಳಿಗೆ ಕಾರಣ ತಟ್ಟೆಯ ಮೇಲೆ ಸುರುಳಿಯಾಗಿ ಸಾಗುವ ಒಂದು ಜಾಡು. ಒಂದು ಮಿಲಿಮೀಟರಿನೊಳಗೆ ಅದರ 600ಕ್ಕೂ ಹೆಚ್ಚು ಸುತ್ತುಗಳಿವೆ! ಬಿಡಿಸಿ ನೆಲದ ಮೇಲೆ ಹಾಸಿದರೆ ಅದು 5 ಕಿಲೋಮೀಟರಿಗೂ ಉದ್ದವಾದೀತು. ಮಾಹಿತಿ ಇರುವುದು ಈ ಜಾಡಿನಲ್ಲಿ. ಓದುವ ಸೂಜಿ, ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಕಿರಣ.

ಹಾಡು ತುಂಬಿಕೊಂಡೇ ಅಂಗಡಿಗೆ ಬರುವ ಸಿ.ಡಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು. ನಾವೇ ಬರೆಯಬಹುದಾದ ಖಾಲಿ ತಟ್ಟೆಗಳಲ್ಲಿ ಎರಡು ಬಗೆ. ಸಿ.ಡಿ.-ಆರ್ ಮೇಲೆ ಒಮ್ಮೆ ಮಾತ್ರ ಬರೆಯಬಹುದು. ಸಿ.ಡಿ.-ಆರ್‌ಡಬ್ಲ್ಯು ಮೇಲೆ ಸುಮಾರು 1000 ಬಾರಿ ಬರೆದು ಅಳಿಸಬಹುದು. ಹಾಗಾದರೆ ಎರಡನೆಯದೇ ಮೇಲು ಎನ್ನುವವರೇ ಹೆಚ್ಚು. ನನಗೆ ಹಾಗೆನಿಸುವುದಿಲ್ಲ. ಏಕೆಂದು ಹೇಳುವ ಮೊದಲು, ಬೆಳಕಿನಿಂದ ಅಳಿಸುವುದು ಹೇಗೆ ಎಂದು ನೋಡೋಣ.

ಸಿ.ಡಿ.-ಆರ್‌ಡಬ್ಲ್ಯು ಒಳಗೆ ಬೆಳ್ಳಿ, ಇಂಡಿಯಮ್, ಆಂಟಿಮನಿ, ಟೆಲ್ಯೂರಿಯಮ್ ಸೇರಿದ ಮಿಶ್ರಲೋಹದ ತೆಳು ಪದರವಿದೆ. ಬಲವಾದ ಲೇಸರ್ ಕಿರಣ ತಗಲಿದ ಚುಕ್ಕೆ 500 ಡಿಗ್ರಿ ಸೆಲ್ಸಿಯಸ್ ದಾಟಿ ಕರಗುತ್ತದೆ. ಕಿರಣ ಸರಿದೊಡನೆ ಥಟ್ಟನೆ ತಣಿಯುತ್ತದೆ. ಪರಮಾಣುಗಳಿಗೆ ಸಾಲು ಕಟ್ಟಲು ಪುರಸೊತ್ತೇ ಇಲ್ಲ! ಓಡುತ್ತಿರುವಾಗ ಯಾರಾದರೂ ‘ಸ್ಟ್ಯಾಚು’ ಎಂದು ಕೂಗಿದರೆ ನೀವು ಹೇಗೆ ಎಲ್ಲೆಂದರಲ್ಲಿ ನಿಂತುಬಿಡುತ್ತೀರೋ ಹಾಗೆ ಅವೂ ನಿಂತುಬಿಡುತ್ತವೆ. ಈ ಚುಕ್ಕೆ ಮಂಕಾಗಿರುತ್ತದೆ. ಅದೇ ಬರಹ.

ಅಳಿಸಬೇಕೆ? ಕಿರಣದ ಬಲ ತಗ್ಗಿಸಿ ಚುಕ್ಕೆಯನ್ನು ಸುಮಾರು 200 ಡಿಗ್ರಿಗೆ ಕಾಯಿಸಿದರೆ ಸಾಕು. ಪದರ ಕರಗುವುದಿಲ್ಲ, ಆದರೆ ಪರಮಾಣುಗಳಿಗೆ ಅಲುಗಾಡಲು ಅವಕಾಶ ಸಿಗುತ್ತದೆ. ಪ್ರಾರ್ಥನೆಯ ಗಂಟೆ ಕೇಳಿ ನೀವು ಸಾಲಾಗುವಂತೆ ಅವು ಸಾಲಾಗಿ ಸ್ಫಟಿಕವಾಗುತ್ತವೆ. ಚುಕ್ಕೆ ಮತ್ತೆ ಹೊಳೆಯುತ್ತದೆ, ಬರಹ ಮಾಯ. ಓದುವಾಗ ಕಿರಣ ಇನ್ನೂ ದುರ್ಬಲ. ಅದು ಏನನ್ನೂ ಬದಲಿಸದು. ಇಂಥ ವಸ್ತುಗಳನ್ನು ಬೆಳಕಿನಿಂದ ಹಿಂದಕ್ಕೂ ಮುಂದಕ್ಕೂ ಬದಲಿಸಬಹುದೆಂದು 1971ರಲ್ಲಿ ಪ್ರಕಟಿಸಿದ ತಂಡದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಓವ್ಶಿನ್ಸ್ಕಿ ಇದ್ದರು. ಅವರು ಕಾಲೇಜಿನಲ್ಲಿ ಓದಿ ಪದವಿ ಪಡೆದವರಲ್ಲ, ಯಂತ್ರಗಳ ಮುಂದೆ ನಿಂತು ಕೆಲಸ ಕಲಿತವರು! ಸಿ.ಡಿ.-ಆರ್‌ಡಬ್ಲ್ಯು ಬಳಕೆಗೆ ಬಂದದ್ದು 1997ರಲ್ಲಿ.

ಸಿ.ಡಿ.-ಆರ್ ಕಥೆ ಚಿಕ್ಕದು. ಅದರೊಳಗೆ ಬಣ್ಣದ ಪದರವಿದೆ, ಲೇಸರ್ ಅದನ್ನು ಸುಡುತ್ತದೆ. ಸುಟ್ಟದ್ದು ಮತ್ತೆ ಮೊದಲಿನಂತಾಗದು.

ಅಳಿಸಿ ಬರೆಯುವುದು ಕನ್ನಡನಾಡಿಗೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದರ ಹೆಸರು ಕಡತ. ಕಚೇರಿಯ ಫೈಲಿಗೆ ನಾವು ಇಂದು ಹೇಳುವ ಕಡತ ಇದೇ ಶಬ್ದ. ಕಾವ್ಯ, ಶಾಸ್ತ್ರಗಳನ್ನಾದರೋ ತಾಳೆಗರಿಯ ಮೇಲೆ ಕಂಟದಿಂದ ಕೊರೆಯುತ್ತಿದ್ದರು. ಕೊರೆದದ್ದನ್ನು ಒರೆಸಲು ಬಾರದು. ಯಾವುದನ್ನು ಎಲ್ಲಿ ಬರೆಯಬೇಕೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು.

ನನ್ನ ವಾದವೂ ಇಷ್ಟೇ. ನಿಮ್ಮ ಅಜ್ಜಿ ಹೇಳುವ ಬೀಸುವ ಪದವನ್ನೋ ಊರಿನ ಕೆರೆಯ ಕಥೆಯನ್ನೋ ನೀವು ಧ್ವನಿಮುದ್ರಿಸಿಕೊಂಡಿರಿ ಎನ್ನೋಣ. ಅಳಿಸಬಹುದಾದ ತಟ್ಟೆಯಲ್ಲಿ ಅದರ ಮೇಲೆ ನಾಳೆ ಸಿನಿಮಾ ಹಾಡು ಬಂದು ಕೂರಬಹುದು. ಅಳಿಸಿದವರು ಕೆಟ್ಟವರಾಗಬೇಕಿಲ್ಲ, ಒಳಗೆ ಏನಿದೆ ಎಂದು ತಿಳಿಯದವರಾದರೆ ಸಾಕು. ಅಜ್ಜಿ ಇಲ್ಲದ ಮೇಲೆ ಅದನ್ನು ಮತ್ತೆ ಹಾಡುವವರು ಯಾರು?

‘ಒಮ್ಮೆ ಬರೆಯುವ ತಟ್ಟೆಯಲ್ಲಿ ತಪ್ಪಾದರೆ ಪ್ಲಾಸ್ಟಿಕ್ ದಂಡವಲ್ಲವೇ?’ ಎಂದು ನೀವು ಕೇಳಬಹುದು. ನಿಜ. ಅಭ್ಯಾಸಕ್ಕೆ, ದಿನದಿನದ ಕೆಲಸಕ್ಕೆ ಅಳಿಸುವ ತಟ್ಟೆಯೇ ಸರಿ, ನಿಮ್ಮ ಸ್ಲೇಟಿನಂತೆ. ಇನ್ನೊಂದು ಮಾತು. ಅಳಿಸಲು ಬಾರದ್ದು ಎಂದರೆ ಅಳಿಯದ್ದು ಎಂದಲ್ಲ. ಬಿಸಿಲಿನಲ್ಲಿಟ್ಟರೆ ಸಿ.ಡಿ.-ಆರ್‌ನ ಬಣ್ಣ ಮಾಸುತ್ತದೆ, ಮುಖದ ಮೇಲೆ ಗೀರು ಬಿದ್ದರೆ ಓದುವುದು ಕಷ್ಟ.

ತಟ್ಟೆ ಉಳಿದರೂ ಓದುವ ಯಂತ್ರ ಉಳಿಯುತ್ತದೆಯೇ? ಈಗಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. 1982ರಲ್ಲಿ ಫಿಲಿಪ್ಸ್ ಜೊತೆ ಸಿ.ಡಿ.ಯನ್ನು ಮಾರುಕಟ್ಟೆಗೆ ತಂದ ಸೋನಿ ಕಂಪನಿ, ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಈಗ ನಾವು ಬರೆಯುವುದು ಮೊಬೈಲಿನಲ್ಲಿ, ಪೆನ್‌ಡ್ರೈವಿನಲ್ಲಿ. ಅಲ್ಲಿ ಅಳಿಸಲು ಲೇಸರ್ ಕೂಡ ಬೇಡ, ಬೆರಳು ತಾಗಿದರೆ ಆಯಿತು!

ನಿಮ್ಮ ಶಾಲೆಯ ಕಪಾಟಿನಲ್ಲಿ ಹಳೆಯ ತಟ್ಟೆಗಳಿದ್ದರೆ ಗುಬ್ಬಿ ಓಡಿಸಲು ಹೊಲದಲ್ಲಿ ಕಟ್ಟುವ ಮೊದಲು ಶಿಕ್ಷಕರನ್ನು ಕೇಳಿ, ಒಳಗೇನಿದೆ ನೋಡಿ. ಹಸಿರು ಇಲ್ಲವೇ ನೀಲಿ ಛಾಯೆ ಇದ್ದರೆ ಅದು ಒಮ್ಮೆ ಬರೆದದ್ದಿರಬಹುದು. ಕಡು ಬೂದು ಬಣ್ಣವಿದ್ದರೆ ಅಳಿಸಬಹುದಾದದ್ದು. ಬೇಕಾದುದನ್ನು ಎರಡು ಕಡೆ ನಕಲು ಮಾಡಿಸಿ. ತಟ್ಟೆಯ ಮೇಲೆ ಯಾರ ಧ್ವನಿ, ಯಾವ ಊರು, ಯಾವ ವರ್ಷ ಎಂದು ಬರೆಯಿರಿ. ಯಂತ್ರ ಬಿಚ್ಚಿ ಲೇಸರನ್ನು ಮಾತ್ರ ಇಣುಕಿ ನೋಡಬೇಡಿ; ಕಣ್ಣಿಗೆ ಕಾಣದ ಕಿರಣವೂ ಕಣ್ಣನ್ನು ಸುಡಬಲ್ಲದು.