ದೀಪ ಹತ್ತಿದ ಮಾತ್ರಕ್ಕೆ ಜೇಬು ಖಾಲಿಯಾಗಬೇಕೆ?

ಹಿಂದೂಪುರ: ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡರೆ ಸಾಕು, ಮನೆಮಂದಿಗೆಲ್ಲ ಎದೆ ಢವಢವ. ಗ್ಯಾರೇಜಿಗೆ ಒಯ್ದರೆ ಗಾಡಿಯ ಕೆಳಗೆ ಬಗ್ಗಿ ನೋಡುವ ಮೊದಲೇ ತೀರ್ಪು ಸಿದ್ಧ. ‘ಸಸ್ಪೆನ್ಷನ್ ಹೋಗೈತಣ್ಣಾ, ಪೂರ್ತಿ ಬದಲಾಯಿಸ್ಬೇಕು’ ಎನ್ನುವ ಮಾತು ಹಿಂದೂಪುರ, ಕಲ್ಯಾಣದುರ್ಗದ ಗಡಿನಾಡ ಕನ್ನಡಿಗರಿಗೆ ಹೊಸದಲ್ಲ. ಶೇಂಗಾ ಮಾರಿದ ದುಡ್ಡೋ, ಗೂಡು ಮಾರಿದ ದುಡ್ಡೋ, ಬಿಡಿಭಾಗದ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಎರಡು ದಿನ ಕಳೆದ ಮೇಲೆ ಅದೇ ದೀಪ ಮತ್ತೆ ಕಣ್ಣು ಬಿಡುತ್ತದೆ!

ಸೋಜಿಗದ ಸಂಗತಿಯೆಂದರೆ ಈ ಸೀಮೆ ಈಗ ಕಾರು ಹುಟ್ಟುವ ಸೀಮೆ. ಪೆನುಕೊಂಡದ ಪಕ್ಕದ ಎರ್ರಮಂಚಿಯಲ್ಲಿ ವರ್ಷಕ್ಕೆ 3 ಲಕ್ಷ ಕಾರು ತಯಾರಿಸುವ ಸಾಮರ್ಥ್ಯದ ಕಿಯಾ ಕಾರ್ಖಾನೆಯಿಂದ 2019ರಲ್ಲೇ ಕಾರುಗಳು ಹೊರಬಂದವು. ಸುತ್ತಮುತ್ತಲ ಹಳ್ಳಿಗಳ ಹುಡುಗರು ಕಾರ್ಖಾನೆಗಳ ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ. ಆದರೂ ಮನೆ ಮುಂದೆ ನಿಂತ ಕಾರಿನ ದೀಪ ಏನು ಹೇಳುತ್ತಿದೆ ಎಂಬ ತಿಳಿವಳಿಕೆ ಮಾತ್ರ ಮನೆಗಳಿಗೆ ಇಳಿದು ಬಂದಿಲ್ಲ.

ಯಾವ ದೀಪ ಅದು?

ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಈ ಭಾಗದಲ್ಲಿ ಓಡಾಡುವ ಬಹುಪಾಲು ಕಾರುಗಳಲ್ಲಿ ಸಸ್ಪೆನ್ಷನ್‌ಗೆಂದು ದೀಪವೇ ಇಲ್ಲ. ಉಕ್ಕಿನ ಸ್ಪ್ರಿಂಗು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು, ರಬ್ಬರ್ ಬುಷ್ಷು, ಇಷ್ಟೇ ಅಲ್ಲಿರುವುದು. ಅವು ಕೆಟ್ಟರೆ ಶಬ್ದ ಮಾಡುತ್ತವೆ, ಗಾಡಿಯನ್ನು ಒಂದು ಕಡೆಗೆ ಎಳೆಯುತ್ತವೆ, ಟೈರನ್ನು ಒಂದೇ ಬದಿಯಲ್ಲಿ ಸವೆಸುತ್ತವೆ. ದೀಪ ಹಚ್ಚುವುದಿಲ್ಲ. ಅಂಥ ಕಾರಿನ ದೀಪ ತೋರಿಸಿ ‘ನಾಲ್ಕೂ ಶಾಕ್ ಅಬ್ಸಾರ್ಬರ್ ಹಾಕ್ಬೇಕು’ ಎಂದರೆ, ಯಾವ ದೀಪಕ್ಕೆ ಯಾವ ಶಾಕ್ ಅಬ್ಸಾರ್ಬರ್ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಹಳ್ಳಕ್ಕೆ ಬಿದ್ದೆದ್ದ ಮೇಲೆ ಹತ್ತುವ ದೀಪ ಯಾವುದು? ಹೆಚ್ಚಾಗಿ ಎಬಿಎಸ್ ದೀಪ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಅದಕ್ಕಾಗಿ ಪ್ರತಿ ಚಕ್ರದ ಬಳಿ ವೇಗ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಕೆಸರು ಮೆತ್ತಿದರೆ, ಕಲ್ಲು ತಗುಲಿ ವೈರು ತುಂಡಾದರೆ, ಬೇರಿಂಗ್ ಸವೆದರೆ ದೀಪ ಹತ್ತುತ್ತದೆ. ಸೆನ್ಸರ್ ಇರುವುದು ಸಸ್ಪೆನ್ಷನ್ ಪಕ್ಕದಲ್ಲೇ ಆದ್ದರಿಂದ ಪಕ್ಕದವನ ತಪ್ಪು ಇವನ ತಲೆಗೆ ಬರುತ್ತದೆ. ಎಬಿಎಸ್ ದೀಪವೊಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರ ಜಾಮಾಗದಂತೆ ತಡೆಯುವ ವ್ಯವಸ್ಥೆ ಮಾತ್ರ ಇರುವುದಿಲ್ಲ. ನಿಧಾನವಾಗಿ ಗ್ಯಾರೇಜ್ ಸೇರಬಹುದು. ಆದರೆ ಬ್ರೇಕಿನ ಕೆಂಪು ದೀಪವೂ ಜೊತೆಗೆ ಹತ್ತಿದರೆ ಗಾಡಿ ಅಲ್ಲೇ ನಿಲ್ಲಬೇಕು. ಅಲ್ಲಿ ಉಳಿತಾಯದ ಮಾತು ಬೇಡ.

ಗಾಳಿಯ ಮೇಲೆ ಓಡುವ ಕಾರು

ನಿಜವಾದ ಸಸ್ಪೆನ್ಷನ್ ದೀಪ ಇರುವುದು ಗಾಳಿ ಚೀಲದ ಮೇಲೆ ಕೂರುವ ದೊಡ್ಡ ಕಾರುಗಳಲ್ಲಿ. ಇಂಥ ಕಾರು ಹೊಸದಾಗಿ ಕೊಳ್ಳುವವರು ಈ ಕಡೆ ಎಷ್ಟು ಮಂದಿ ಎಂಬ ಪ್ರಶ್ನೆ ಬರಬಹುದು. ಹೊಸದಲ್ಲ, ಹಳೆಯದು. ಬೆಂಗಳೂರು ಹಿಂದೂಪುರಕ್ಕೆ ನೂರು ಕಿ.ಮೀ. ಆಸುಪಾಸು. ಅಲ್ಲಿ ಹತ್ತು ವರ್ಷ ಓಡಿದ ಜರ್ಮನಿಯ ದೊಡ್ಡ ಕಾರು ಇಲ್ಲಿ ಹೊಸ ಸಣ್ಣ ಕಾರಿನ ಬೆಲೆಗೆ ಸಿಗುತ್ತದೆ. ಮಗನ ಮದುವೆಗೆ, ಗುತ್ತಿಗೆ ವ್ಯವಹಾರದ ಮರ್ಯಾದೆಗೆ ಎಂದು ತರುವವರಿದ್ದಾರೆ. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಗುಂಡಿ ಇರುವುದೇ ಇಲ್ಲಿ.

ಇದರ ಕೆಲಸ ತಿಳಿಯದ್ದೇನಲ್ಲ. ನಾಲ್ಕು ಮೂಲೆಗೆ ರಬ್ಬರಿನ ಗಾಳಿ ಚೀಲ. ಗಾಳಿ ತುಂಬಲು ಒಂದು ಕಂಪ್ರೆಸರ್. ಯಾವ ಚೀಲಕ್ಕೆ ಎಷ್ಟು ಎಂದು ಹಂಚಲು ವಾಲ್ವುಗಳ ಪೆಟ್ಟಿಗೆ. ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಸೆನ್ಸರುಗಳು. ಇವೆಲ್ಲಕ್ಕೂ ಯಜಮಾನನಂತೆ ಒಂದು ಕಂಪ್ಯೂಟರ್. ಕೇಳಿದಷ್ಟು ಎತ್ತರ ಕೇಳಿದ ಹೊತ್ತಿಗೆ ಬಾರದಿದ್ದರೆ, ಸೆನ್ಸರಿನ ಲೆಕ್ಕ ತಾಳೆಯಾಗದಿದ್ದರೆ, ಕಂಪ್ರೆಸರ್ ಬಿಸಿಯಾದರೆ, ಬ್ಯಾಟರಿ ಸೊರಗಿದರೆ, ಎಲ್ಲಕ್ಕೂ ಅದು ಹಚ್ಚುವುದು ಅದೇ ಒಂದು ದೀಪ. ಯಾವ ಭಾಗ ಸತ್ತಿದೆ ಎಂದು ದೀಪ ಹೇಳುವುದಿಲ್ಲ. ಏನೋ ಸರಿಯಿಲ್ಲ ಎಂದಷ್ಟೇ ಹೇಳುತ್ತದೆ. ಜ್ವರ ಬಂದಿದೆ ಎಂದ ಮಾತ್ರಕ್ಕೆ ಆಪರೇಷನ್ ಮಾಡುವ ಡಾಕ್ಟರನ್ನು ಯಾರಾದರೂ ಒಪ್ಪುತ್ತಾರೆಯೆ?

ಅತಿ ಹೆಚ್ಚು ದುಡ್ಡು ಹಾಳಾಗುವುದು ಕಂಪ್ರೆಸರ್ ವಿಷಯದಲ್ಲಿ. ಹತ್ತು ವರ್ಷದ ಚೀಲದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ರಾತ್ರಿಯಿಡೀ ಗಾಳಿ ಸೋರುತ್ತದೆ. ಬೆಳಿಗ್ಗೆ ಕಂಪ್ರೆಸರ್ ಒಂದೇ ಸಮನೆ ತುಂಬುತ್ತದೆ, ಸಂಜೆಯೂ ತುಂಬುತ್ತದೆ, ಕೊನೆಗೊಂದು ದಿನ ಸುಟ್ಟುಹೋಗುತ್ತದೆ. ಗ್ಯಾರೇಜಿನವರು ಸುಟ್ಟ ಕಂಪ್ರೆಸರ್ ತೋರಿಸಿ ಹೊಸದು ಹಾಕುತ್ತಾರೆ. ಅದು ಸುಟ್ಟಿದ್ದು ಸುಳ್ಳಲ್ಲ. ಯಾಕೆ ಸುಟ್ಟಿತು ಎಂದು ಯಾರೂ ಕೇಳಲಿಲ್ಲ, ಅಷ್ಟೇ. ಸೋರುವ ಚೀಲ ಹಾಗೇ ಇದ್ದರೆ ಹೊಸ ಕಂಪ್ರೆಸರಿಗೂ ಅದೇ ಗತಿ. ಇದಕ್ಕೆ ತಿರುಗಾದ ತಪ್ಪೂ ಉಂಟು. ಎತ್ತರದ ಸೆನ್ಸರಿಗೆ ಕಟ್ಟಿದ ಸಣ್ಣ ಕಡ್ಡಿ ಕಲ್ಲು ಬಡಿದು ಮುರಿದಿರುತ್ತದೆ. ಲಕ್ಷ ರೂಪಾಯಿ ಮುಟ್ಟುವ ಚೀಲ ಬದಲಾಯಿಸಿದರೂ ದೀಪ ಆರುವುದಿಲ್ಲ.

ಇದನ್ನು ಮನೆಯಲ್ಲೇ ಅರ್ಧ ಪಾಲು ಪತ್ತೆ ಹಚ್ಚಬಹುದು, ಟೇಪೊಂದಿದ್ದರೆ ಸಾಕು. ಸಂಜೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಮತ್ತೆ ಅಳೆಯಬೇಕು. ಒಂದೇ ಮೂಲೆ ಕುಸಿದಿದ್ದರೆ ಆ ಮೂಲೆಯ ಚೀಲ, ಕೊಳವೆ ಅಥವಾ ಅದರ ವಾಲ್ವಿನ ಮೇಲೆ ಅನುಮಾನ. ನಾಲ್ಕೂ ಮೂಲೆ ಇದ್ದಲ್ಲೇ ಇದ್ದು ದೀಪ ಮಾತ್ರ ಹತ್ತಿದ್ದರೆ ಸೆನ್ಸರು, ವೈರು, ರಿಲೇ, ಫ್ಯೂಸು, ಬ್ಯಾಟರಿ ಕಡೆ ನೋಡುವುದು ಜಾಣತನ. ಸೋರುವ ಜಾಗ ಹುಡುಕಲು ಪಂಕ್ಚರ್ ಅಂಗಡಿಯ ಸೋಪಿನ ನೀರೇ ಸಾಕು, ಗುಳ್ಳೆ ಎದ್ದಲ್ಲಿ ಕಳ್ಳ ಇದ್ದಾನೆ. ಆದರೆ ಒಂದು ಎಚ್ಚರ. ಗಾಳಿ ಚೀಲದ ಕಾರು ಯಾವ ಕ್ಷಣದಲ್ಲಾದರೂ ಕುಸಿಯಬಹುದು. ಗಟ್ಟಿ ಸ್ಟ್ಯಾಂಡ್ ಕೊಡದೆ ಅದರ ಕೆಳಗೆ ತಲೆ ಹಾಕುವ ಕೆಲಸ ಯಾರೂ ಮಾಡಬಾರದು.

ಬ್ಯಾಟರಿಯ ವಿಷಯ ಹಲವರಿಗೆ ನಂಬಿಕೆಯೇ ಬರುವುದಿಲ್ಲ. ‘ಗಾಡಿ ಸ್ಟಾರ್ಟ್ ಆಗ್ತಾ ಐತಲ್ಲ, ಬ್ಯಾಟರಿ ಹೆಂಗೆ ಕೆಟ್ಟಿರ್ತೈತೆ?’ ಎಂಬುದು ಅವರ ವಾದ. ಸ್ಟಾರ್ಟ್ ಆಗುವಷ್ಟು ಕಸುವಿದ್ದೂ ಕಂಪ್ಯೂಟರುಗಳಿಗೆ ಸಾಲದೆ ಹೋಗಬಹುದು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ ಸುಮಾರು 14ರ ಆಸುಪಾಸು ಇರಬೇಕು. ಯಾವ ಬ್ಯಾಟರಿ ಅಂಗಡಿಯಲ್ಲೂ ಎರಡು ನಿಮಿಷದಲ್ಲಿ ಅಳೆದು ಹೇಳುತ್ತಾರೆ. ಪಂಕ್ಚರ್ ಹಾಕಿಸುವಾಗ ಜಾಕ್ ಕೊಟ್ಟು ಎತ್ತಿದ್ದಕ್ಕೂ ಈ ದೀಪ ಹತ್ತುವುದುಂಟು. ಸ್ವಲ್ಪ ದೂರ ಓಡಿಸಿದರೆ ಎಷ್ಟೋ ಸಲ ತಾನೇ ಆರುತ್ತದೆ.

ನೋಡಿದ್ದಕ್ಕೂ ದುಡ್ಡೇ?

ಇಲ್ಲಿ ಗ್ಯಾರೇಜಿನವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಹಿಂದೂಪುರದ ಹಳೆಯ ಮೆಕ್ಯಾನಿಕ್‌ಗಳಲ್ಲಿ ಕಾರು ಓಡುವ ಸದ್ದು ಕೇಳಿಯೇ ‘ಎಡಗಡೆ ಲಿಂಕ್ ರಾಡ್’ ಎನ್ನುವವರಿದ್ದಾರೆ. ಅವರ ಆ ಕಿವಿಗೆ ಯಾರು ದುಡ್ಡು ಕೊಟ್ಟಿದ್ದಾರೆ? ಒಂದು ಗಂಟೆ ಗಾಡಿಯ ಕೆಳಗೆ ಮಲಗಿ, ಇಂಥದ್ದೇ ಕೆಟ್ಟಿದೆ, ಉಳಿದದ್ದೆಲ್ಲ ಚೆನ್ನಾಗಿದೆ ಎಂದು ಹೇಳಿದವನಿಗೆ ಐನೂರು ಕೊಡಲು ಗಿರಾಕಿ ಒಪ್ಪುವುದಿಲ್ಲ. ‘ಬರೀ ನೋಡಿದ್ದಕ್ಕೂ ದುಡ್ಡು ಕೊಡ್ಬೇಕೇನಪ್ಪಾ?’ ಎನ್ನುತ್ತಾನೆ. ಅದೇ ಗಿರಾಕಿ ಮೂವತ್ತು ಸಾವಿರದ ಬಿಡಿಭಾಗಕ್ಕೆ ತುಟಿ ಪಿಟಕ್ಕೆನ್ನದೆ ದುಡ್ಡು ಎಣಿಸುತ್ತಾನೆ. ಕಾರಣ, ಕೈಗೆ ಒಂದು ಡಬ್ಬಿ ಸಿಕ್ಕಿತಲ್ಲ! ಹೀಗಿರುವಾಗ ಮೆಕ್ಯಾನಿಕ್ ತನ್ನ ಸಂಪಾದನೆಯನ್ನು ಡಬ್ಬಿಯಲ್ಲೇ ಹುಡುಕಿಕೊಳ್ಳುತ್ತಾನೆ. ಪತ್ತೆ ಹಚ್ಚುವ ಕೆಲಸಕ್ಕೆ ಪ್ರತ್ಯೇಕ ಕೂಲಿ ಎಂದು ಮೊದಲೇ ಮಾತಾಡಿಕೊಂಡು, ರಿಪೇರಿ ಎಲ್ಲಿ ಮಾಡಿಸಿದರೂ ಆ ಕೂಲಿ ಕೊಟ್ಟರೆ, ಇಲ್ಲದ ರಿಪೇರಿ ಹೇಳುವ ಅಗತ್ಯವೇ ಅವನಿಗೆ ಬೀಳುವುದಿಲ್ಲ.

ಸ್ಕ್ಯಾನರ್ ಹಾಕಿದೆವು ಎಂದ ಕೂಡಲೇ ಬಾಯಿ ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ‘ಪಿ’ ಅಕ್ಷರದಿಂದ ಶುರುವಾಗುವ ಇಂಜಿನ್ನಿನ ಕೋಡುಗಳನ್ನು ಮಾತ್ರ ಓದುತ್ತವೆ. ಬ್ರೇಕು, ಸಸ್ಪೆನ್ಷನ್ ಕೋಡುಗಳು ‘ಸಿ’ಯಿಂದ ಶುರು. ಅವನ್ನು ಓದಲು ಆ ಕಂಪನಿಯ ಕಾರಿಗೆ ಹೊಂದುವ ಯಂತ್ರ ಬೇಕು. ಕೋಡ್ ಸಿಕ್ಕರೆ ಅಳಿಸುವ ಮುನ್ನ ಅದರ ಫೋಟೊ ತೆಗೆದುಕೊಳ್ಳಬೇಕು. ಅಳಿಸಿದರೆ ದೀಪ ಅರ್ಧ ದಿನ ಆರುತ್ತದೆ, ರೋಗದ ಗುರುತೂ ಹೋಗುತ್ತದೆ. ಮತ್ತೊಂದು ಮಾತು, ‘ಬಲ ಮುಂಭಾಗದ ಸೆನ್ಸರ್’ ಎಂದು ಕೋಡ್ ಬಂದರೆ ಸೆನ್ಸರೇ ಕೆಟ್ಟಿದೆ ಎಂದಲ್ಲ. ಆ ದಾರಿಯಲ್ಲಿ ಎಲ್ಲೋ ತೊಂದರೆ ಇದೆ ಎಂದರ್ಥ. ವೈರನ್ನು ಇಲಿ ಕಡಿದಿರಬಹುದು.

ಗ್ಯಾರೇಜಿನವರು ಹೇಳುವುದೆಲ್ಲ ಮೋಸ ಎಂದೂ ತಿಳಿಯಬಾರದು. ಒಂದು ಶಾಕ್ ಅಬ್ಸಾರ್ಬರ್ ಎಣ್ಣೆ ಕಕ್ಕಿದ್ದರೆ ಅದರ ಜೋಡಿಯನ್ನೂ ಬದಲಾಯಿಸಿ ಎಂಬುದು ನ್ಯಾಯವಾದ ಸಲಹೆ. ಒಂದೇ ಅಚ್ಚಿನ ಎರಡು ಬದಿ ಸಮನಾಗಿರಬೇಕು. ಮುಂದಿನದು ಸೋರಿದ್ದಕ್ಕೆ ಹಿಂದಿನ ಎರಡನ್ನೂ ಸೇರಿಸಿದಾಗ ಮಾತ್ರ ಪ್ರಶ್ನೆ ಏಳಬೇಕು.

ಗಡಿ ದಾಟಿದರೆ ಹಕ್ಕು ಹೋಗದು

ಕಲ್ಯಾಣದುರ್ಗದವರು ಬೆಂಗಳೂರಿನಲ್ಲಿ ರಿಪೇರಿ ಮಾಡಿಸಿ ಊರು ಸೇರುವಷ್ಟರಲ್ಲಿ ದೀಪ ಮತ್ತೆ ಹತ್ತಿತು ಎನ್ನಿ. ‘ಇನ್ನು ಅಲ್ಲಿಗೆ ಹೋಗಿ ಜಗಳ ಆಡೋರ್ಯಾರು? ಬೇರೆ ರಾಜ್ಯ, ಬೇರೆ ಕೋರ್ಟು’ ಎಂದು ಸುಮ್ಮನಾಗುವುದೇ ವಾಡಿಕೆ. ದೂರದ ಗಿರಾಕಿ ತಿರುಗಿ ಬರುವುದಿಲ್ಲ ಎಂಬ ಧೈರ್ಯ ಕೆಲವು ಗ್ಯಾರೇಜುಗಳಿಗೆ ಇರುವುದೂ ಇದೇ ಕಾರಣಕ್ಕೆ. ಆದರೆ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೂರುದಾರ ತಾನು ವಾಸವಿರುವ ಊರಿನ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಬೆಂಗಳೂರಿನ ಗ್ಯಾರೇಜಿನವರು ಅನಂತಪುರಕ್ಕೆ ಉತ್ತರ ಕೊಡಬೇಕಾಗುತ್ತದೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೋ ತೆಲುಗಿನಲ್ಲೋ ಅಹವಾಲು ಹೇಳಿಕೊಳ್ಳಬಹುದು.

ಇದಕ್ಕೆಲ್ಲ ಬೇಕಾದದ್ದು ಬಿಲ್ಲು. ಜಿಎಸ್‌ಟಿ ಉಳಿಯುತ್ತದೆಂದು ಬಿಳಿ ಚೀಟಿಯಲ್ಲಿ ಮೊತ್ತ ಬರೆಸಿಕೊಂಡು ಬಂದವರಿಗೆ ಯಾವ ಆಯೋಗವೂ ಸುಲಭವಾಗಿ ಒದಗದು. ಬಿಲ್ ಕೊಡದಿರುವುದೇ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಯಾವ ಕೋಡ್ ಬಂತು, ಏನು ಪರೀಕ್ಷೆ ಮಾಡಿದರು, ಯಾವ ಭಾಗ ಬದಲಾಯಿಸಿದರು ಎಂದು ಬರೆಸಬೇಕು. ತೆಗೆದ ಹಳೆಯ ಭಾಗವನ್ನು ಡಿಕ್ಕಿಗೆ ಹಾಕಿಸಿಕೊಂಡು ಬರಬೇಕು, ಗುಜರಿಗಾದರೂ ಆಗುತ್ತದೆ.

ಬೆಂಗಳೂರಿಗೆ ಹಳೆಯ ಕಾರು ನೋಡಲು ಹೊರಟವರು ಇನ್ನೊಂದು ತಂತ್ರ ತಿಳಿದಿರಲಿ. ಕೀಲಿಯನ್ನು ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಡ್ಯಾಶ್‌ಬೋರ್ಡ್ ನೋಡಬೇಕು. ಎಚ್ಚರಿಕೆಯ ದೀಪಗಳು ಒಮ್ಮೆ ಹತ್ತಿ, ಕೆಲವು ಸೆಕೆಂಡಿನಲ್ಲಿ ಅಥವಾ ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಎಬಿಎಸ್ ದೀಪ ಹತ್ತದೇ ಇದ್ದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ ಎಂದೇ ಅನುಮಾನಿಸಬೇಕು. ಗಾಳಿ ಚೀಲದ ಕಾರಾದರೆ ಮಾರುವವನಿಗೆ ಮೊದಲೇ ಹೇಳದೆ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ರಾತ್ರಿ ಕುಸಿದ ಮೂಲೆಯನ್ನು ಮೇಲೆತ್ತಿ ಇಡಲು ಅವನಿಗೆ ಸಮಯ ಸಿಗುವುದಿಲ್ಲ.